ಬ್ರೇಕ್ ಸದ್ದು ಮಾಡ್ತಿದ್ಯಾ? ಗ್ಯಾರೇಜಿಗೆ ಹೋಗೋ ಮುಂಚೆ ಕಿವಿ ಕೊಟ್ಟು ಕೇಳಿ

ಹೋದ ಮಳೆಗಾಲದಲ್ಲಿ ಸಕಲೇಶಪುರದ ಹತ್ರ ಅರ್ಧಂಬರ್ಧ ಜಲ್ಲಿ ಹರಡಿ ಬಿಟ್ಟಿದ್ದ ರಸ್ತೆಲಿ ಬಂದಿದ್ದೆ, ಮನೆ ಮುಟ್ಟೋ ಹೊತ್ತಿಗೆ ಮುಂದಿನ ಎಡಗಡೆ ಚಕ್ರದಿಂದ ಕರ್ರ್ ಅಂತ ತಗಡು ಕೆರೆಯೋ ಸದ್ದು, ಹಲ್ಲು ಜುಮ್ ಅನ್ನೋ ಥರ. ಮಾರನೇ ದಿನ ಒಂದು ಗ್ಯಾರೇಜಿಗೆ ಹೋಗಿ "ಬ್ರೇಕ್ ಸೌಂಡ್ ಬರ್ತಿದೆ" ಅಂದೆ ಅಷ್ಟೇ, ಅವನು ಚಕ್ರನೂ ಬಿಚ್ಚಲಿಲ್ಲ, "ಪ್ಯಾಡ್ ಹೋಗಿದೆ ಸಾರ್, ಡಿಸ್ಕೂ ಹೋಗಿರುತ್ತೆ, ಎರಡೂ ಕಡೆ ಹೊಸದು ಹಾಕ್ಬಿಡೋಣ" ಅಂತ ಎಸ್ಟಿಮೇಟ್ ಬರೆದೇ ಬಿಟ್ಟ. (ಡಿಸ್ಕ್ ಅಂದ್ರೆ ಚಕ್ರದ ಜೊತೆ ತಿರುಗೋ ಕಬ್ಬಿಣದ ತಟ್ಟೆ, ಪ್ಯಾಡ್ ಅಂದ್ರೆ ಬ್ರೇಕ್ ತುಳಿದಾಗ ಅದನ್ನ ಎರಡೂ ಕಡೆಯಿಂದ ಅಮುಕಿ ಹಿಡಿಯೋ ತುಂಡು.) ನಮ್ಮ ಮಾವ ಲಾರಿ ಓಡಿಸಿ ರಿಟೈರ್ ಆದವರು, ಅವರಿಗೆ ಫೋನ್ ಮಾಡಿದ್ರೆ ಕೇಳಿದ್ದು ಒಂದೇ ಪ್ರಶ್ನೆ, "ಬ್ರೇಕ್ ತುಳಿದಾಗ ಸದ್ದು ಜಾಸ್ತಿ ಆಗುತ್ತೇನೋ, ನಿಲ್ಲುತ್ತೇನೋ?" ನಾನು ಅದನ್ನ ಗಮನಿಸೇ ಇರ್ಲಿಲ್ಲ. ಗ್ಯಾರೇಜ್ ಹೊರಗೆ ಒಂದು ರೌಂಡ್ ಹೊಡೆದು ನೋಡಿದ್ರೆ ತುಳಿದ್ರೂ ಅಷ್ಟೇ ಬಿಟ್ರೂ ಅಷ್ಟೇ. "ಹಂಗಾದ್ರೆ ಕಲ್ಲು ಸಿಕ್ಕಿರುತ್ತೆ, ರಿವರ್ಸ್ ಹೊಡಿ" ಅಂದ್ರು. ನಾಲ್ಕು ಸಲ ಹಿಂದೆ ಮುಂದೆ ಮಾಡಿದ್ಮೇಲೆ ಕಡಲೆಕಾಳಿನಷ್ಟು ಜಲ್ಲಿ ಚೂರು ಟಣ್ ಅಂತ ಕೆಳಗೆ ಬಿತ್ತು. ಅಷ್ಟೇ ರಿಪೇರಿ.

ಅವತ್ತಿಂದ ನಾನು ಕಲಿತಿದ್ದು ಏನಂದ್ರೆ, ಬ್ರೇಕ್ ವಿಷಯದಲ್ಲಿ ಸದ್ದು ಎಂಥದ್ದು ಅನ್ನೋದಕ್ಕಿಂತ ಸದ್ದು *ಯಾವಾಗ* ಬರುತ್ತೆ ಅನ್ನೋದು ಮುಖ್ಯ. ಒಂದೇ ಕಿರ್ರ್ ಸದ್ದಿಗೆ ಹತ್ತು ಕಾರಣ ಇರಬಹುದು, ಆದ್ರೆ ಯಾವಾಗ ಬರುತ್ತೆ ಯಾವಾಗ ನಿಲ್ಲುತ್ತೆ ಅಂತ ನೋಡಿದ್ರೆ ಹತ್ತರಲ್ಲಿ ಎಂಟು ಅಲ್ಲೇ ಬಿದ್ದು ಹೋಗುತ್ತೆ.

ಮೊದಲು ಇದನ್ನ ನೋಡ್ಕೊಳ್ಳಿ, ಇದಿದ್ರೆ ಕಾರ್ ಹೊರಗೆ ತೆಗೀಬೇಡಿ

ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗ್ತಿದ್ರೆ, ಡ್ಯಾಶ್‌ಬೋರ್ಡಲ್ಲಿ ಕೆಂಪು ಬ್ರೇಕ್ ಲೈಟು ಹ್ಯಾಂಡ್ ಬ್ರೇಕ್ ಇಳಿಸಿದ್ಮೇಲೂ ಉರೀತಿದ್ರೆ, ಬ್ರೇಕ್ ಹೊಡೆದಾಗ ಗಾಡಿ ಒಂದು ಪಕ್ಕಕ್ಕೆ ಎಳೀತಿದ್ರೆ, ಚಕ್ರದಿಂದ ಹೊಗೆ ಬರ್ತಿದ್ರೆ, ಅಥವಾ ತುಳಿದಾಗೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಗರಗರ ಅಂತಿದ್ರೆ, ಕೆಳಗೆ ಬರೆದಿರೋ ಟೆಸ್ಟ್ ಯಾವುದೂ ಬೇಡ. ಮೆಕ್ಯಾನಿಕನ್ನೇ ಮನೆಗೆ ಕರೆಸಿ, ಇಲ್ಲ ಟೋ ಮಾಡಿಸಿ. "ಇಲ್ಲೇ ಎರಡು ಕಿಲೋಮೀಟರ್ ತಾನೆ" ಅಂತ ಹೊರಡೋದು ಬೇಡ.

ಸದ್ದು ಕೇಳೋದು ಹೇಗೆ

ಎಸಿ ಆಫ್, ಹಾಡು ಆಫ್, ನಾಲ್ಕೂ ಗ್ಲಾಸ್ ಇಳಿಸಿ. ಜನ ಗಾಡಿ ಕಮ್ಮಿ ಇರೋ ಕಡೆ, ಪಕ್ಕದಲ್ಲಿ ಉದ್ದದ ಕಾಂಪೌಂಡ್ ಗೋಡೆ ಇದ್ರೆ ಇನ್ನೂ ಒಳ್ಳೇದು, ಸದ್ದು ಗೋಡೆಗೆ ಬಡಿದು ವಾಪಸ್ ಬಂದಾಗ ಸ್ಪಷ್ಟ ಕೇಳುತ್ತೆ. ಗೋಡೆ ಎಡಗಡೆ ಇಟ್ಕೊಂಡು ಒಂದ್ಸಲ, ವಾಪಸ್ ಬರ್ತಾ ಬಲಗಡೆ ಇಟ್ಕೊಂಡು ಒಂದ್ಸಲ, ಇಪ್ಪತ್ತು ಮೂವತ್ತು ಸ್ಪೀಡಲ್ಲಿ. ಯಾವ ಕಡೆ ಜಾಸ್ತಿ ಅಂತ ಅಲ್ಲೇ ಗೊತ್ತಾಗುತ್ತೆ. ಮನೇಲಿ ಡ್ರೈವಿಂಗ್ ಬರೋರು ಇನ್ನೊಬ್ರು ಇದ್ರೆ ಅವರ ಕೈಲಿ ಫಸ್ಟ್ ಗೇರಲ್ಲಿ ನಿಧಾನಕ್ಕೆ ಓಡಿಸಿ ನೀವು ಒಂದು ಮಾರು ದೂರದಲ್ಲಿ ಪಕ್ಕದಲ್ಲೇ ನಡೀರಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಗ್ಯಾರೇಜಿಗೆ ಹೋದಾಗ ಸದ್ದು ಮಾಯ ಆಗಿರುತ್ತೆ, ಅದು ಎಲ್ಲಾ ಕಾರಿಗೂ ಇರೋ ಚಾಳಿ, ಆಗ ಈ ರೆಕಾರ್ಡಿಂಗ್ ಕೆಲಸಕ್ಕೆ ಬರುತ್ತೆ.

ಓಡಿಸ್ತಾ ಇಷ್ಟನ್ನ ಗಮನಿಸಿ. ಬ್ರೇಕ್ ತುಳಿದಾಗ ಮಾತ್ರ ಬರುತ್ತಾ, ತುಳೀದೆ ಇದ್ದಾಗ ಬಂದು ತುಳಿದ ಕೂಡ್ಲೆ ನಿಲ್ಲುತ್ತಾ, ಎರಡಕ್ಕೂ ಸಂಬಂಧ ಇಲ್ದೆ ಬರ್ತಾನೇ ಇರುತ್ತಾ. ಮೆಲ್ಲಗೆ ತುಳಿದಾಗ ಜಾಸ್ತಿನಾ ಗಟ್ಟಿಯಾಗಿ ತುಳಿದಾಗ ಜಾಸ್ತಿನಾ. ಬೆಳಗ್ಗೆ ಮಾತ್ರನಾ, ಒಂದು ಹತ್ತು ಕಿಲೋಮೀಟರ್ ಓಡಿ ಬಿಸಿ ಆದ್ಮೇಲೂ ಬರುತ್ತಾ. ಸ್ಟೇರಿಂಗ್ ತಿರುಗಿಸಿದಾಗ ಬದಲಾಗುತ್ತಾ. ರಿವರ್ಸಲ್ಲಿ ಹೇಗೆ.

ಹಿಂದಿನ ಚಕ್ರದ್ದೋ ಮುಂದಿನದ್ದೋ ಅನ್ನೋ ಡೌಟ್ ಇದ್ರೆ ಒಂದು ಉಪಾಯ ಇದೆ. ಖಾಲಿ, ಒಣಗಿರೋ, ನೇರ ರಸ್ತೆಲಿ ಹದಿನೈದು ಇಪ್ಪತ್ತು ಸ್ಪೀಡಲ್ಲಿ ಹ್ಯಾಂಡ್ ಬ್ರೇಕಿನ ಬಟನ್ ಒತ್ತಿ ಹಿಡ್ಕೊಂಡೇ ಲಿವರನ್ನ ಮೆಲ್ಲಗೆ ಸ್ವಲ್ಪ ಎತ್ತಿ. ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರ, ಸೋ ಅದೇ ಸದ್ದು ಬಂದ್ರೆ ಹಿಂದಿನದ್ದು. ಬಟನ್ ಬಿಡಬೇಡಿ, ಜೋರಾಗಿ ಎಳೀಬೇಡಿ, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಗಿರ್ ಅಂತ ತಿರುಗುತ್ತೆ. ಸ್ವಿಚ್ ಥರದ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇರೋ ಕಾರಲ್ಲಿ ಇದನ್ನ ಮಾಡ್ಲೇಬೇಡಿ.

ಬೆಳಗ್ಗೆ ಮಾತ್ರ ಬರೋ ಸದ್ದು

ರಾತ್ರಿ ಮಳೆ ಬಂದಿದೆ ಇಲ್ಲ ನಿನ್ನೆ ಸಂಜೆ ಕಾರ್ ತೊಳೆಸಿದ್ದೀರ, ಬೆಳಗ್ಗೆ ಗೇಟಿಂದ ಹೊರಗೆ ತೆಗೀತಿದ್ದ ಹಾಗೆ ಸರಸರ ಇಲ್ಲ ಕಿರ್ರ್ ಅಂತ ಸದ್ದು, ಮೂರ್ನಾಲ್ಕು ಸಲ ಬ್ರೇಕ್ ಹಾಕಿದ್ಮೇಲೆ ಇಲ್ಲ. ಇದಕ್ಕೆ ಒಂದು ರೂಪಾಯಿ ಖರ್ಚು ಮಾಡ್ಬೇಡಿ. ಡಿಸ್ಕ್ ಅನ್ನೋದು ಎರಕದ ಕಬ್ಬಿಣ, ಬಣ್ಣ ಇಲ್ಲ ಏನಿಲ್ಲ, ಒಂದೇ ರಾತ್ರಿಲಿ ತೆಳ್ಳಗೆ ತುಕ್ಕು ಹಿಡಿಯುತ್ತೆ, ಪ್ಯಾಡ್ ಅದನ್ನ ಉಜ್ಜಿ ತೆಗೆಯೋ ಸದ್ದು ಅದು. ಮಂಗಳೂರು ಉಡುಪಿ ಕಡೆ ಉಪ್ಪು ಗಾಳಿ ಬೇರೆ, ಅಲ್ಲಿ ಇದು ಮಾಮೂಲು. ಎಲೆಕ್ಟ್ರಿಕ್ ಕಾರಿನವರಿಗೂ ಈ ಕಾಟ ಸ್ವಲ್ಪ ಜಾಸ್ತಿ, ಯಾಕಂದ್ರೆ ಮೋಟರೇ ಗಾಡಿನ ನಿಧಾನ ಮಾಡಿಬಿಡುತ್ತೆ, ಡಿಸ್ಕಿಗೆ ಕೆಲಸ ಕಮ್ಮಿ, ತುಕ್ಕು ಉಜ್ಜಿ ಹೋಗೋದೇ ಇಲ್ಲ. ವಾರಕ್ಕೊಂದ್ಸಲ ಹಿಂದೆ ಯಾರೂ ಇಲ್ದೆ ಇರೋವಾಗ ಸ್ವಲ್ಪ ಗಟ್ಟಿಯಾಗಿ ಬ್ರೇಕ್ ಹಾಕಿ.

ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದು ಕಾರ್ ತೆಗೆದ್ರೆ ಹಿಂದುಗಡೆಯಿಂದ ಟಪ್ ಅಂತ ಏನೋ ಬಿಟ್ಕೊಂಡ ಸದ್ದು ಬರುತ್ತಲ್ಲ, ಅದು ಹ್ಯಾಂಡ್ ಬ್ರೇಕ್ ಎಳೆದೇ ನಿಲ್ಸಿದ್ದರಿಂದ ಡ್ರಮ್ಮಿಗೆ (ಹಿಂದಿನ ಚಕ್ರದಲ್ಲಿ ಡಿಸ್ಕ್ ಬದಲು ಇರೋ ಡಬ್ಬಿ) ಶೂ (ಒಳಗಿಂದ ಅದಕ್ಕೆ ಒತ್ತೋ ಪಟ್ಟಿ) ಅಂಟ್ಕೊಂಡಿದ್ದು. ಒಂದೊಂದ್ಸಲ ಬಿಡೋದೇ ಇಲ್ಲ, ಆಗ ಆಕ್ಸಿಲರೇಟರ್ ಒತ್ತಿ ಒತ್ತಿ ಹಿಂಸೆ ಮಾಡ್ಬೇಡಿ, ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ, ಆಗ್ಲಿಲ್ವಾ ಮೆಕ್ಯಾನಿಕ್ ಕರೀರಿ. ಮಳೆಗಾಲದಲ್ಲಿ ಬಹಳ ದಿನ ನಿಲ್ಸೋದಾದ್ರೆ ಸಮತಟ್ಟು ಜಾಗದಲ್ಲಿ ಗೇರಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಟ್ಟು ಹ್ಯಾಂಡ್ ಬ್ರೇಕ್ ಇಳಿಸಿಡಿ.

ತುಳಿದಾಗ ಮಾತ್ರ ಕಿರ್ರ್ ಅನ್ನೋದು

ಜನ ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಇದಕ್ಕೇ, ಮತ್ತೆ ಗ್ಯಾರೇಜಲ್ಲಿ ಜಾಸ್ತಿ ದುಡ್ಡು ಕಳ್ಕೊಳ್ಳೋದೂ ಇದರಲ್ಲೇ. ಸ್ಕೂಲಲ್ಲಿ ಹಲಗೆ ಮೇಲೆ ಬಳಪ ಒಂದು ಕೋನಕ್ಕೆ ಹಿಡಿದ್ರೆ ಕಿರ್ ಅಂತಿತ್ತು, ಸ್ವಲ್ಪ ವಾಲಿಸಿ ಹಿಡಿದ್ರೆ ನಿಂತು ಹೋಗ್ತಿತ್ತು, ನೆನಪಿದ್ಯಾ. ಇಲ್ಲೂ ಅದೇ ಆಟ. ಪ್ಯಾಡು ಡಿಸ್ಕಿಗೆ ಒಂದು ಕ್ಷಣ ಕಚ್ಚುತ್ತೆ ಒಂದು ಕ್ಷಣ ಜಾರುತ್ತೆ, ಹಿಂಗೆ ಸೆಕೆಂಡಿಗೆ ಸಾವಿರಾರು ಸಲ ಅದುರಿದಾಗ ಡಿಸ್ಕ್ ಗಂಟೆ ಥರ ಹಾಡುತ್ತೆ. ಹಂಗಾಗಿ ಪ್ಯಾಡ್ ದಪ್ಪ ಇದ್ರೂ, ಬ್ರೇಕ್ ಚೆನ್ನಾಗಿ ಹಿಡೀತಿದ್ರೂ ಸದ್ದು ಬರಬಹುದು. ಸದ್ದು ಬಂದ ಮಾತ್ರಕ್ಕೆ ಪ್ಯಾಡ್ ಸವೆದಿದೆ ಅಂತ ಅಲ್ಲ, ಸವೆದಿದೆ ಅಂತ ಯಾರು ಹೇಳಿದ್ರೂ ಸುಮ್ನೆ ನಂಬಬೇಡಿ, ಬಿಚ್ಚಿ ತೋರಿಸಿ ಅನ್ನಿ.

ಬಿಚ್ಚಿದಾಗ ಏನು ನೋಡ್ಬೇಕು ಅಂದ್ರೆ, ಪ್ಯಾಡಿನ ಮುಖ ಕನ್ನಡಿ ಥರ ಹೊಳೀತಿದ್ಯಾ? ಹಂಗಿದ್ರೆ ಅದು ಬಿಸಿಗೆ ಗಾಜುಗಟ್ಟಿದೆ. ಘಾಟಿ ಇಳೀವಾಗ ಪೂರ್ತಿ ಬ್ರೇಕ್ ಮೇಲೇ ಇಳಿದ್ರೆ ಹಿಂಗಾಗುತ್ತೆ, ಆಗುಂಬೆಲಿ 14 ಹೇರ್‌ಪಿನ್ ತಿರುವು, ಥರ್ಡ್ ಗೇರಲ್ಲಿ ಬಿಟ್ಕೊಂಡು ಪ್ರತಿ ತಿರುವಿಗೂ ಬ್ರೇಕ್ ತುಳೀತಾ ಬಂದ್ರೆ ಘಾಟಿ ಕೆಳಗಿನ ಸೋಮೇಶ್ವರ ಮುಟ್ಟೋ ಹೊತ್ತಿಗೆ ಸುಟ್ಟ ವಾಸನೆ ಬಂದೇ ಬರುತ್ತೆ. ಸೆಕೆಂಡ್ ಗೇರಲ್ಲಿ ಇಳೀರಿ, ಇಂಜಿನ್ನೇ ಹಿಡ್ಕೊಳ್ಳುತ್ತೆ. ವಾಸನೆ ಬಂತು ಅಂತ ಬಿಸಿ ಡಿಸ್ಕ್ ಮೇಲೆ ನೀರು ಸುರೀಬೇಡಿ, ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು, ಸುಮ್ನೆ ಸೈಡಿಗೆ ಹಾಕಿ ಅರ್ಧ ಗಂಟೆ ಕೂತ್ಕೊಳ್ಳಿ. ಗಾಜುಗಟ್ಟಿದ್ದು ಮೇಲ್ಮೈ ಮಾತ್ರ ಆಗಿದ್ರೆ ಮೆಕ್ಯಾನಿಕ್ ಎಮರಿ ಪೇಪರಲ್ಲಿ ಉಜ್ಜಿ ಹಾಕ್ತಾನೆ, ಸುಮಾರು ಸಲ ಅಷ್ಟಕ್ಕೇ ಸರಿಹೋಗುತ್ತೆ.

ಇನ್ನೊಂದು ಕಾರಣ ಪ್ಯಾಡಿನ ಬೆನ್ನಿಗೆ ಇರೋ ತೆಳ್ಳಗಿನ ತಗಡು, ಶಿಮ್ ಅಂತಾರೆ, ಅದುರೋದನ್ನ ಹೀರ್ಕೊಳ್ಳೋಕೇ ಅದು ಇರೋದು. ಪ್ಯಾಡ್ ಬದಲಾಯಿಸೋವಾಗ ಹಳೇದು ಎಸೆದು ಹೊಸದು ಹಾಕ್ದೆ ಬಿಟ್ಟಿದ್ರೆ ಆಮೇಲೆ ಸದ್ದು ಶುರು. ಅದೇ ಥರ ಪ್ಯಾಡಿನ ಕಿವಿ ಕೂತ್ಕೊಳ್ಳೋ ಜಾಗಕ್ಕೆ, ಕ್ಯಾಲಿಪರ್ (ಪ್ಯಾಡುಗಳನ್ನ ಡಿಸ್ಕಿಗೆ ಒತ್ತೋ ಹಿಡಿ) ಜಾರೋ ಪಿನ್ನಿಗೆ ಬ್ರೇಕಿಗೇ ಅಂತ ಬರೋ ಗ್ರೀಸ್ ಹಚ್ಚಬೇಕು, ಸಾದಾ ಗ್ರೀಸ್ ಅಲ್ಲ, ಅದು ಬಿಸಿಗೆ ಕರಗಿ ಹರಿಯುತ್ತೆ, ಒಳಗಿನ ರಬ್ಬರನ್ನೂ ಊದಿಸುತ್ತೆ.

ಇಲ್ಲೊಂದು ಮಾತು ಹೇಳ್ಲೇಬೇಕು. ಸದ್ದು ಬರ್ತಿದೆ ಅಂತ ಡಿಸ್ಕಿಗೆ ಎಣ್ಣೆನೋ, ಡಬ್ಲ್ಯುಡಿ 40 ಸ್ಪ್ರೇನೋ ಹೊಡೆಯೋ ಮಹಾನುಭಾವರು ಇದ್ದಾರೆ, ನಮ್ಮ ಬೀದಿಲೇ ಒಬ್ರು ಹೊಡೆಯೋಕೆ ಹೊರಟಿದ್ರು. ಸದ್ದು ನಿಜವಾಗ್ಲೂ ನಿಲ್ಲುತ್ತೆ, ಜೊತೆಗೆ ಗಾಡಿ ನಿಲ್ಲೋದೂ ನಿಲ್ಲುತ್ತೆ. ಪ್ಯಾಡ್ ಒಂದ್ಸಲ ಎಣ್ಣೆ ಕುಡೀತು ಅಂದ್ರೆ ಎಸೆಯೋದೇ.

ತುಳೀದೆ ಇದ್ದಾಗ ಬಂದು, ತುಳಿದಾಗ ನಿಲ್ಲೋದು

ಸಣ್ಣಗೆ ಸೀಟಿ ಥರ ಕೀಂ ಅಂತ ಓಡ್ತಾ ಬರುತ್ತೆ, ಬ್ರೇಕ್ ಮುಟ್ಟಿದ್ರೆ ನಿಲ್ಲುತ್ತೆ ಇಲ್ಲ ರಾಗ ಬದಲಾಗುತ್ತೆ. ಇದು ಬಹುಪಾಲು ಪ್ಯಾಡಿಗೆ ಬೇಕು ಅಂತಾನೇ ಇಟ್ಟಿರೋ ಸಣ್ಣ ತಗಡಿನ ನಾಲಿಗೆ, ಪ್ಯಾಡ್ ಸವೆದು ತೆಳ್ಳಗಾದಾಗ ಡಿಸ್ಕಿಗೆ ತಾಗಿ ಕೂಗೋ ಹಾಗೆ ಮಾಡಿರ್ತಾರೆ. ಕೆಲವು ಕಾರಲ್ಲಿ ಇದು ಉಲ್ಟಾ, ತುಳಿದಾಗ ಕೂಗುತ್ತೆ. ದೊಡ್ಡ ಕಾರುಗಳಲ್ಲಿ ತಗಡಿನ ಬದಲು ವೈರ್ ಸೆನ್ಸರ್ ಇರುತ್ತೆ, ಸದ್ದಿನ ಬದಲು ಲೈಟ್ ಬರುತ್ತೆ. ಹೆಂಗೇ ಇದ್ರೂ ಅರ್ಥ ಒಂದೇ, ಪ್ಯಾಡ್ ಮುಗೀತಾ ಬಂತು. ಹೆದರಿಕೊಳ್ಳೋದೇನಿಲ್ಲ, ಆದ್ರೆ ಈ ವಾರದಲ್ಲೇ ಮಾಡಿಸಿ. ಯಾಕಂದ್ರೆ ಇದರ ಮುಂದಿನ ಹಂತನೇ ಆ ಗರಗರ. ಪ್ಯಾಡಿನ ಮಸಾಲೆ, ಅಂದ್ರೆ ಡಿಸ್ಕಿಗೆ ಉಜ್ಜಿ ಸವೆಯೋ ಪದರ, ಪೂರ್ತಿ ಹೋಗಿ ಹಿಂದಿನ ಕಬ್ಬಿಣದ ಪ್ಲೇಟು ಡಿಸ್ಕನ್ನ ಕೆರೆಯೋಕೆ ಶುರು ಮಾಡಿದ್ರೆ ಬರೀ ಪ್ಯಾಡಲ್ಲಿ ಮುಗಿಯೋ ಕೆಲಸ ಡಿಸ್ಕ್ ತನಕ ಹೋಗುತ್ತೆ.

ಪ್ಯಾಡ್ ಎಷ್ಟಿದೆ ಅಂತ ನೀವೇ ನೋಡಬಹುದು. ಅಲಾಯ್ ವೀಲ್ ಇದ್ರೆ ಸಂದಿಲಿ ಫೋನ್ ಟಾರ್ಚ್ ಬಿಟ್ಟು ನೋಡಿ. ಹೊಸ ಪ್ಯಾಡಲ್ಲಿ ಮಸಾಲೆ ಸುಮಾರು 10 ಎಂಎಂ ಇರುತ್ತೆ, 3 ಎಂಎಂ ಹತ್ರ ಬಂದ್ರೆ ಬದಲಾಯಿಸೋದೇ ಸರಿ. ಪ್ಲೇಟನ್ನ ಸೇರಿಸಿ ಲೆಕ್ಕ ಹಾಕ್ಬೇಡಿ, ಮಸಾಲೆ ಮಾತ್ರ. ಆದ್ರೆ ಹೊರಗಿಂದ ಕಾಣೋದು ಹೊರಗಿನ ಪ್ಯಾಡ್, ಒಳಗಡೆ ಪಿಸ್ಟನ್ (ಪ್ಯಾಡನ್ನ ತಳ್ಳೋ ದಂಡ) ಪಕ್ಕ ಇನ್ನೊಂದು ಇರುತ್ತೆ, ಎಷ್ಟೋ ಸಲ ಅದೇ ಮೊದಲು ಸವೆಯೋದು. ಹೊರಗಿನದು ಅರ್ಧ ಇದೆ ಒಳಗಿನದು ಸೊನ್ನೆ ಅಂತಾದ್ರೆ ಕ್ಯಾಲಿಪರ್ ಪಿನ್ ಜಾಮ್ ಆಗಿದೆ ಅಂತ ಅರ್ಥ, ಅದನ್ನ ಬಿಚ್ಚಿ ಕ್ಲೀನ್ ಮಾಡಿ ಗ್ರೀಸ್ ಹಾಕ್ದೆ ಬರೀ ಪ್ಯಾಡ್ ಬದಲಾಯಿಸಿದ್ರೆ ಹೊಸದೂ ಅದೇ ದಾರಿ ಹಿಡಿಯುತ್ತೆ.

ಸ್ಟೀಲ್ ವೀಲ್ ಆದ್ರೆ ಚಕ್ರ ಬಿಚ್ಚಲೇಬೇಕು. ಸಮತಟ್ಟು ನೆಲ, ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎದುರಿನ ಚಕ್ರಕ್ಕೆ ಮರದ ತುಂಡು ಕೊಡಿ. ನಟ್ ಸಡಿಲ ಮಾಡೋದು ಚಕ್ರ ನೆಲದ ಮೇಲಿದ್ದಾಗಲೇ, ಆಮೇಲೆ ಜಾಕ್ ಏರಿಸಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕ್ಬೇಡಿ. ಡಿಸ್ಕ್ ಮೇಲೆ ಉಗುರಲ್ಲಿ ಅಡ್ಡಕ್ಕೆ ಗೀರಿ, ಹಳೇ ಗ್ರಾಮಫೋನ್ ಪ್ಲೇಟ್ ಥರ ಸಣ್ಣ ಗೆರೆ ಇದ್ರೆ ಪರವಾಗಿಲ್ಲ, ಉಗುರು ಸಿಕ್ಕಿ ನಿಲ್ಲೋವಷ್ಟು ಆಳ ಇದ್ರೆ ಡಿಸ್ಕಿನ ಬಗ್ಗೆ ಯೋಚ್ನೆ ಮಾಡ್ಬೇಕು. ಗಾಡಿ ಓಡಿಸಿ ಬಂದ ತಕ್ಷಣ ಮಾತ್ರ ಮುಟ್ಟಬೇಡಿ, ಬೊಬ್ಬೆ ಬರುತ್ತೆ.

ತುಳಿದ್ರೂ ಬಿಟ್ರೂ ಬರ್ತಾನೇ ಇರೋದು

ತಗಡು ಕೆರೆದ ಹಾಗಿದ್ರೆ ನನ್ನ ಕಥೆನೇ, ಡಿಸ್ಕಿಗೂ ಅದರ ಹಿಂದಿರೋ ತಗಡಿನ ಮರೆಗೂ ಮಧ್ಯೆ ಕಲ್ಲು. ರಿವರ್ಸಲ್ಲಿ ಬೀಳಲಿಲ್ಲ ಅಂದ್ರೆ ಚಕ್ರ ಬಿಚ್ಚಿ ಚಪ್ಪಟೆ ಸ್ಕ್ರೂಡ್ರೈವರಲ್ಲಿ ತಗಡನ್ನ ಸ್ವಲ್ಪ ಆಚೆ ಸರಿಸಿದ್ರೆ ಬೀಳುತ್ತೆ. ಕಲ್ಲೇ ಇಲ್ದೆ ತಗಡೇ ಬಗ್ಗಿ ತಾಗ್ತಿದ್ರೂ ಅದೇ ಉಪಾಯ, ಕೈಲೇ ಬಗ್ಗುತ್ತೆ.

ಊಂ ಅಂತ ವಿಮಾನದ ಥರ, ಸ್ಪೀಡ್ ಏರಿದ ಹಾಗೆ ಏರೋ ಸದ್ದಾದ್ರೆ ಅದು ಬ್ರೇಕೇ ಅಲ್ಲ, ಬಹುಪಾಲು ವೀಲ್ ಬೇರಿಂಗ್. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಬೀಳುತ್ತೆ, ಆಗ ಸದ್ದು ಜಾಸ್ತಿ ಆದ್ರೆ ಬಲಗಡೆ ಬೇರಿಂಗ್, ಬಲಕ್ಕೆ ತಿರುಗಿದಾಗ ಆದ್ರೆ ಎಡಗಡೆದು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಎಳೆದಾಗ ಕಟಕಟ ಅಂದ್ರೆ ಆಕ್ಸಲ್ ಜಾಯಿಂಟ್.

ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನ ಹಿಡ್ಕೊಂಡೇ ಇರೋ ಸಾಧ್ಯತೆನೂ ಇದೆ. ಹತ್ತು ಕಿಲೋಮೀಟರ್ ಬ್ರೇಕ್ ಕಮ್ಮಿ ಬಳಸಿ ಓಡಿಸಿ ನಿಲ್ಸಿ, ನಾಲ್ಕೂ ಚಕ್ರದ ಹತ್ರ ಅಂಗೈ ಹಿಡೀರಿ, ಮುಟ್ಟದೆ. ಒಂದು ಮಾತ್ರ ಒಲೆ ಥರ ಕಾಯ್ತಿದ್ರೆ ಅದೇ ಜಾಮ್ ಆಗಿರೋದು. ಮೈಲೇಜ್ ಯಾಕೋ ಬಿದ್ದೋಯ್ತು ಅಂತ ಒದ್ದಾಡ್ತಿದ್ರೆ ಅದಕ್ಕೂ ಉತ್ತರ ಇದೇ ಇರಬಹುದು.

ಉಳಿದ ಸದ್ದುಗಳು

ಬ್ರೇಕ್ ತುಳಿದಾಗ ಒಂದೇ ಒಂದ್ಸಲ ಟಕ್, ಬಿಟ್ಟು ರಿವರ್ಸ್ ಹೋಗಿ ತುಳಿದ್ರೆ ಇನ್ನೊಂದು ಟಕ್, ಹಂಗಿದ್ರೆ ಪ್ಯಾಡನ್ನ ಅಲ್ಲಾಡದ ಹಾಗೆ ಹಿಡಿಯೋ ಕ್ಲಿಪ್ ಬಿದ್ದು ಹೋಗಿದೆ, ಅಥವಾ ಸಡಿಲ ಆಗಿದೆ. ಕ್ಯಾಲಿಪರ್ ಬೋಲ್ಟ್ ಲೂಸ್ ಆಗಿದ್ರೂ ಇದೇ ಸದ್ದು, ಅದು ಡೇಂಜರ್, ಮೊದಲು ಅದನ್ನ ನೋಡಿಸಿ. ಲೋಯರ್ ಆರ್ಮ್ ಬುಷ್ (ಚಕ್ರನ ಹಿಡಿದಿರೋ ಕೆಳಗಿನ ತೋಳಿನ ರಬ್ಬರ್) ಹೋಗಿದ್ರೂ ಬ್ರೇಕ್ ಹೊಡೆದಾಗ ದಡ್ ಅನ್ನುತ್ತೆ, ಆದ್ರೆ ಅದು ಹಂಪ್ ಇಳೀವಾಗಲೂ ಅನ್ನುತ್ತೆ.

ಎಂಬತ್ತರಲ್ಲಿ ಹೋಗ್ತಾ ಬ್ರೇಕ್ ಹಾಕಿದ್ರೆ ಸ್ಟೇರಿಂಗ್ ನಡುಗಿ, ಕಾಲಿಗೆ ಪೆಡಲ್ ಬಡಬಡ ಬಡಿದ್ರೆ ಡಿಸ್ಕ್ ಎಲ್ಲಾ ಕಡೆ ಒಂದೇ ದಪ್ಪ ಇಲ್ಲ. ಬರೀ ಪೆಡಲ್, ಬೆನ್ನಿಗೆ ಸೀಟು ನಡುಗಿ ಸ್ಟೇರಿಂಗ್ ನಡುಗದಿದ್ರೆ ಹಿಂದಿನ ಡ್ರಮ್ ನೋಡಿಸಿ. ಡಿಸ್ಕನ್ನ ಲೇತಿಗೆ ಹಾಕಿ ಟರ್ನಿಂಗ್ ಮಾಡ್ತಾರೆ, ಆದ್ರೆ ಪ್ರತಿ ಡಿಸ್ಕಿಗೂ ಇದಕ್ಕಿಂತ ತೆಳ್ಳಗಾಗಬಾರದು ಅಂತ ಒಂದು ಅಳತೆ ಇದೆ, ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೊರೆದಿರ್ತಾರೆ, ವರ್ನಿಯರ್ (ದಪ್ಪ ಅಳೆಯೋ ಸಾಧನ) ಹಿಡಿದು ಅಳೆದು ಆಮೇಲೆ ಟರ್ನಿಂಗ್ ಮಾಡಿ ಅನ್ನಿ. ಆಲ್ಟೊ, ಸ್ವಿಫ್ಟ್ ಥರದ ನಮ್ಮ ಕಡೆಯ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್ ಹಿಂದೆ ಡ್ರಮ್. ಡ್ರಮ್ ಒಳಗೆ ಸವೆದ ಪುಡಿ ಹೊರಗೆ ಹೋಗೋಕೆ ಜಾಗ ಇಲ್ಲ, ಅಲ್ಲೇ ಕೂತು ಕುಯ್ ಕುಯ್ ಅನ್ನುತ್ತೆ, ಸರ್ವಿಸಲ್ಲಿ ಬಿಚ್ಚಿ ಕ್ಲೀನ್ ಮಾಡಿಸಿದ್ರೆ ಸಾಕು. ಆ ಪುಡಿನ ಬಾಯಲ್ಲಿ ಊದೋದು, ಏರ್ ಹಿಡಿದು ಹಾರಿಸೋದು ಮಾಡೋರಿಗೆ ಬೇಡ ಅನ್ನಿ, ಹಳೇ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರ್ತಿತ್ತು, ಶ್ವಾಸಕೋಶಕ್ಕೆ ಒಳ್ಳೇದಲ್ಲ, ಒದ್ದೆ ಬಟ್ಟೆಲಿ ಒರೆಸಲಿ.

ಪೆಡಲ್ ಹತ್ರ ಬುಸ್ಸ್ ಅಂತ ಗಾಳಿ ಸದ್ದು ಬಂದು ಪೆಡಲ್ ಕಲ್ಲಿನ ಥರ ಗಟ್ಟಿ ಆಗಿದ್ರೆ ಬೂಸ್ಟರ್ (ನಿಮ್ಮ ಕಾಲಿನ ಒತ್ತಡಕ್ಕೆ ಬಲ ಸೇರಿಸೋ ಡಬ್ಬಿ) ಲೀಕ್. ಇಂಜಿನ್ ಆಫ್ ಇರೋವಾಗ ಪೆಡಲ್ ನಾಲ್ಕೈದು ಸಲ ಒತ್ತಿ, ಗಟ್ಟಿ ಆದ್ಮೇಲೆ ಒತ್ತಿ ಹಿಡ್ಕೊಂಡೇ ಸ್ಟಾರ್ಟ್ ಮಾಡಿ, ಪೆಡಲ್ ಸ್ವಲ್ಪ ಕೆಳಗೆ ಇಳಿದ್ರೆ ಬೂಸ್ಟರ್ ಸರಿ ಇದೆ, ಇಳೀಲಿಲ್ಲ ಅಂದ್ರೆ ಇಲ್ಲ.

ಒದ್ದೆ ರಸ್ತೆಲಿ ನಾಯಿ ಅಡ್ಡ ಬಂತು ಅಂತ ಜೋರಾಗಿ ತುಳಿದಾಗ ಕರ್‌ಕರ್‌ಕರ್ ಅಂತ ಸದ್ದು ಬಂದು ಪೆಡಲ್ ಕಾಲಿಗೆ ವಾಪಸ್ ಒದ್ದ್ರೆ ಏನೂ ಕೆಟ್ಟಿಲ್ಲ, ಎಬಿಎಸ್, ಅಂದ್ರೆ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ, ಕೆಲಸ ಮಾಡ್ತಿದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರಿಗೆಲ್ಲ ಅದು ಕಡ್ಡಾಯ, ಎಷ್ಟೋ ಜನ ಮೊದಲ ಸಲ ಆ ಸದ್ದು ಕೇಳಿ ಕಾಲು ತೆಗೆದುಬಿಡ್ತಾರೆ. ತೆಗೀಬೇಡಿ, ಒತ್ತಿ ಹಿಡೀರಿ.

ಗ್ಯಾರೇಜಲ್ಲಿ

"ಸೌಂಡ್ ಬರ್ತಿದೆ" ಅನ್ನಬೇಡಿ. "ಮುಂದೆ ಬಲಗಡೆ, ಬಿಸಿ ಆದ್ಮೇಲೆ, ಮೆಲ್ಲಗೆ ತುಳಿದಾಗ ಮಾತ್ರ ಕಿರ್ರ್ ಅನ್ನುತ್ತೆ, ರಿವರ್ಸಲ್ಲಿ ಇಲ್ಲ" ಅನ್ನಿ. ಇಷ್ಟು ಹೇಳೋ ಗಿರಾಕಿಗೆ ಸುಮ್ಸುಮ್ನೆ ಡಿಸ್ಕ್ ಬರೆಯೋಕೆ ಅವರೂ ಹಿಂದೆ ಮುಂದೆ ನೋಡ್ತಾರೆ. ಪ್ಯಾಡ್ ಹಾಕಿಸೋದಾದ್ರೆ ಎರಡೂ ಚಕ್ರಕ್ಕೂ ಒಟ್ಟಿಗೆ, ಒಂದೇ ಕಡೆ ಹಾಕಿದ್ರೆ ಗಾಡಿ ಎಳೆಯುತ್ತೆ. ಹಳೇ ಪ್ಯಾಡ್ ಕೈಗೆ ಕೊಡಿ ಅಂತ ಮೊದಲೇ ಹೇಳಿ. ಗಾಡಿ ಬಿಡಿಭಾಗ ಮಾರೋ ಬೆಂಗಳೂರಿನ ಜೆಸಿ ರೋಡಲ್ಲಿ ನೀವೇ ತಗೊಂಡು ಹಾಕಿಸ್ತೀರ ಅಂದ್ರೂ ಸರಿ, ಆದ್ರೆ ಬಿಲ್ ಕೊಡೋ ಅಂಗಡಿಲೇ ತಗೊಳ್ಳಿ, ತೀರಾ ಅಗ್ಗಕ್ಕೆ ಸಿಕ್ಕಿದ ಪ್ಯಾಡ್ ಬಾಕ್ಸ್ ಅಸಲಿ ಥರ ಇದ್ರೂ ಅನುಮಾನ ಪಡಿ. ಬ್ರೇಕ್ ಆಯಿಲ್ ಕಮ್ಮಿ ಆಗಿದೆ ಅಂತ ಸುಮ್ನೆ ತುಂಬಿಸಿ ಕಳಿಸಿದ್ರೆ ಒಪ್ಪಬೇಡಿ, ಪ್ಯಾಡ್ ಸವೆದ ಹಾಗೆ ಆಯಿಲ್ ಮಟ್ಟ ಇಳಿಯುತ್ತೆ, ಸವೆದಿಲ್ಲದೆ ಇಳಿದ್ರೆ ಎಲ್ಲೋ ಲೀಕ್ ಇದೆ.

ಹೊಸ ಪ್ಯಾಡ್ ಹಾಕಿದ ಮೇಲೆ ಗಾಡಿ ತೆಗೆಯೋ ಮುಂಚೆ ನಿಂತಲ್ಲೇ ಪೆಡಲನ್ನ ಗಟ್ಟಿ ಆಗೋವರೆಗೂ ಒತ್ತಿ ಒತ್ತಿ ಬಿಡಿ, ಪಿಸ್ಟನ್ ಹಿಂದಕ್ಕೆ ತಳ್ಳಿರ್ತಾರೆ, ಮೊದಲ ಎರಡು ಮೂರು ಒತ್ತಿಗೆ ಬ್ರೇಕೇ ಇರಲ್ಲ, ಇದು ಗೊತ್ತಿಲ್ದೆ ಗ್ಯಾರೇಜ್ ಗೋಡೆಗೇ ಗುದ್ದಿದವರನ್ನ ನೋಡಿದ್ದೀನಿ. ಆಮೇಲೆ ಖಾಲಿ ರಸ್ತೆಲಿ ಅರವತ್ತರಿಂದ ಇಪ್ಪತ್ತಕ್ಕೆ, ಪೂರ್ತಿ ನಿಲ್ಸದೆ, ಎಂಟ್ಹತ್ತು ಸಲ ಹದವಾಗಿ ಬ್ರೇಕ್ ಹಾಕಿ, ಮಧ್ಯೆ ಮಧ್ಯೆ ಗಾಳಿಗೆ ಆರೋಕೆ ಬಿಟ್ಟು. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಜೋರು ಬ್ರೇಕ್ ಆದಷ್ಟು ಬೇಡ. ಅಷ್ಟರಲ್ಲಿ ಸ್ವಲ್ಪ ವಾಸನೆ, ಸಣ್ಣ ಸರಸರ ಇದ್ರೆ ಇರಲಿ, ಅದು ಪ್ಯಾಡು ಡಿಸ್ಕು ಹೊಂದ್ಕೊಳ್ತಿರೋದು. ಮುನ್ನೂರು ದಾಟಿದ್ಮೇಲೂ ಕಿರ್ರ್ ಅಂತಿದ್ರೆ ಅದೇ ಗ್ಯಾರೇಜಿಗೆ ವಾಪಸ್ ಹೋಗಿ, ಶಿಮ್ ಹಾಕಿದ್ದೀರಾ ಅಂತ ಕೇಳಿ.